ಆನ್‌ಲೈನ್ ಹರಾಜಿನಲ್ಲಿ ಕೊಂಡ 1939ರ ರೂಪಾಯಿಯ ಇಸವಿ ತಿದ್ದಿದ್ದು: ನಾಣ್ಯ ವಾಪಸು ಮಾಡಿ ಹಣ ಪಡೆಯುವ ದಾರಿ ಯಾವುದು?

ಪ್ರಶ್ನೆ (ದಾವಣಗೆರೆಯ ಸಂಗ್ರಾಹಕ)

ಎಲ್ಲರಿಗೂ ನಮಸ್ಕಾರ. ನಾನು ಹದಿನೈದು ವರ್ಷಗಳಿಂದ ನಾಣ್ಯಗಳನ್ನು ಸಂಗ್ರಹಿಸುತ್ತಿದ್ದೇನೆ. ಇದುವರೆಗೆ ಕೊಂಡದ್ದೆಲ್ಲವೂ ಪ್ರದರ್ಶನಗಳಲ್ಲಿ, ಕೈಯಲ್ಲಿ ಹಿಡಿದು ನೋಡಿಯೇ ಕೊಂಡದ್ದು. ಈ ವರ್ಷ ಮೊದಲ ಬಾರಿಗೆ ಆನ್‌ಲೈನ್ ಹರಾಜಿನಲ್ಲಿ ಎರಡು ನಾಣ್ಯಗಳನ್ನು ಕೊಂಡೆ. ಎರಡೂ ಈಗ ತಲೆನೋವಾಗಿವೆ.

ಮೊದಲನೆಯದು ಆರನೇ ಜಾರ್ಜ್ ದೊರೆಯ 1939ರ ರೂಪಾಯಿ. ಇದು ನೂರಕ್ಕೆ 91.7 ಭಾಗ ಬೆಳ್ಳಿಯ ರೂಪಾಯಿಗಳಲ್ಲಿ ಕೊನೆಯದು. 1940ರಿಂದ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು, 1939ರ ನಾಣ್ಯ ಬಹಳ ವಿರಳವಾಗಿ ಉಳಿಯಿತು. ನಮ್ಮ ದೇಶದ್ದೇ ಒಂದು ಹರಾಜು ಸಂಸ್ಥೆಯಲ್ಲಿ 42,000 ರೂಪಾಯಿಗೆ ನನ್ನ ಬಿಡ್ ನಿಂತಿತು. ಕೊಳ್ಳುವವರ ಶುಲ್ಕ, ತೆರಿಗೆ ಮತ್ತು ಅಂಚೆವೆಚ್ಚ ಸೇರಿ 48,300 ರೂಪಾಯಿ ಕಟ್ಟಿದೆ. ವಿವರಣೆಯಲ್ಲಿ "1939, ಬಾಂಬೆ ಟಂಕಸಾಲೆ, ಅತಿ ವಿರಳ" ಎಂದು ಬರೆದಿದ್ದರು. ಪಾರ್ಸಲ್ ಬಂದ ದಿನವೇ ತೂಗಿದೆ, ಅಳೆದೆ. 11.6 ಗ್ರಾಂ ತೂಕ, 30.5 ಮಿಲಿಮೀಟರ್ ಅಡ್ಡಳತೆ ಎರಡೂ ಸರಿಯಿದ್ದುದರಿಂದ ಸಮಾಧಾನಪಟ್ಟು ಎತ್ತಿಟ್ಟೆ. ಒಂಬತ್ತನೆಯ ದಿನ ಸ್ನೇಹಿತರೊಬ್ಬರು 20 ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿ, ಕೊನೆಯ ಅಂಕಿಯ ಸುತ್ತ ಮಾತ್ರ ಲೋಹದ ಮೈ ತುಸು ತಗ್ಗಾಗಿರುವುದನ್ನೂ ಒಂದೇ ದಿಕ್ಕಿಗೆ ಸಣ್ಣ ಗೀರುಗಳಿರುವುದನ್ನೂ ತೋರಿಸಿದರು. 1938ರ ನಾಣ್ಯದ 8ನ್ನು ಕೆತ್ತಿ 9 ಮಾಡಿದ್ದಾರೆ ಎಂಬುದು ಅವರ ಅಭಿಪ್ರಾಯ. ಸಂಸ್ಥೆಗೆ ಬರೆದರೆ, "ಎಲ್ಲ ಲಾಟ್‌ಗಳೂ (ಹರಾಜಿಗಿಟ್ಟ ವಸ್ತುಗಳೂ) ಇದ್ದ ಸ್ಥಿತಿಯಲ್ಲೇ ಮಾರಾಟವಾಗಿವೆ, ದೂರು ಸಲ್ಲಿಸುವ ಏಳು ದಿನಗಳ ಅವಧಿಯೂ ಮುಗಿದಿದೆ" ಎಂಬ ಉತ್ತರ ಬಂತು.

ಎರಡನೆಯದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ, ಆನೆಯ ಚಿತ್ರವಿರುವ ತಾಮ್ರದ ಇಪ್ಪತ್ತು ಕಾಸು. ಇದನ್ನು ಇಬೇ ಎಂಬ ಆನ್‌ಲೈನ್ ಮಾರಾಟ ತಾಣದಲ್ಲಿ ಬ್ರಿಟನ್ನಿನ ಮಾರಾಟಗಾರರಿಂದ ಕೊಂಡೆ. ನಾಣ್ಯ ಅಸಲಿಯೇ, ಆದರೆ ಸವೆದ ಆನೆಯನ್ನೂ ಅಕ್ಷರಗಳನ್ನೂ ಯಾರೋ ಉಪಕರಣದಿಂದ ಮತ್ತೆ ಕೆತ್ತಿ ಚೂಪುಗೊಳಿಸಿದ್ದಾರೆ. ವಿವರಣೆಯಲ್ಲಿ ಇದರ ಪ್ರಸ್ತಾಪವಿರಲಿಲ್ಲ. ಆ ಮಾರಾಟಗಾರರು ಸಜ್ಜನರು, "ವಾಪಸು ಕಳಿಸಿ, ಪೂರ್ತಿ ಹಣ ಕೊಡುತ್ತೇನೆ" ಎಂದಿದ್ದಾರೆ. ಪೊಟ್ಟಣ ಕಟ್ಟಿ ಇಟ್ಟಿದ್ದೇನೆ, ನಾಳೆ ಅಂಚೆಗೆ ಹಾಕಬೇಕು.

ನನ್ನಲ್ಲಿ ಎರಡೆರಡಿರುವ ನಾಣ್ಯಗಳನ್ನು ಮುಂದೆ ನಾನೂ ಹರಾಜಿಗೆ ಇಡಬೇಕೆಂದಿದ್ದೆ. ಮಾರುವವರ ಕಡೆಯಿಂದ ವಾಪಸಾತಿಯನ್ನು ಹೇಗೆ ನಡೆಸಬೇಕೆಂಬುದನ್ನೂ ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1 (ಬೆಂಗಳೂರಿನ ಹಿರಿಯ ಸಂಗ್ರಾಹಕ)

ಸರ್, ಎಲ್ಲಕ್ಕಿಂತ ಮೊದಲು ಒಂದು ವಿನಂತಿ: ಆ ಇಪ್ಪತ್ತು ಕಾಸನ್ನು ದಯವಿಟ್ಟು ನಾಳೆ ಅಂಚೆಗೆ ಹಾಕಬೇಡಿ.

ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಅಧಿನಿಯಮ, 1972ರ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ನಾಣ್ಯವೂ ಪುರಾತನ ವಸ್ತುವೇ. ಅಂಥ ವಸ್ತುವನ್ನು ಕೇಂದ್ರ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟ ಸಂಸ್ಥೆಯ ಹೊರತು ಬೇರೆ ಯಾರೂ ದೇಶದಿಂದ ಹೊರಗೆ ಕಳಿಸುವಂತಿಲ್ಲ. ಉಲ್ಲಂಘನೆಗೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷದವರೆಗಿನ ಸೆರೆವಾಸ ಮತ್ತು ದಂಡ ಇದೆ. ಮುಮ್ಮಡಿಯವರು ತೀರಿಕೊಂಡದ್ದೇ 1868ರಲ್ಲಿ, ಆದ್ದರಿಂದ ನಿಮ್ಮ ನಾಣ್ಯದ ವಯಸ್ಸಿನ ಬಗ್ಗೆ ವಾದಕ್ಕೆ ಅವಕಾಶವೇ ಇಲ್ಲ. "ಇದು ಹೊರದೇಶದಿಂದಲೇ ಬಂದದ್ದು, ಬಂದ ಕಡೆಗೇ ಹೋಗುತ್ತಿದೆ" ಎಂದು ನಾವು ಅಂದುಕೊಳ್ಳಬಹುದು; ಆದರೆ ಸುಂಕದ ಅಧಿಕಾರಿಯ ಮುಂದೆ ಅದು ಭಾರತದಿಂದ ಹೊರಡುತ್ತಿರುವ ಪುರಾತನ ನಾಣ್ಯವೇ. ನಾಣ್ಯ ಇತ್ತೀಚಿನ ನಕಲಾಗಿದ್ದರೆ ಮಾತು ಬೇರೆ. ಆಗಲೂ ಅದು ಪುರಾತನವಲ್ಲವೆಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ ಪಡೆದು ಕಳಿಸುವುದೇ ಕ್ಷೇಮ. ನಿಮ್ಮದು ಹಾಳುಮಾಡಿದ ಅಸಲಿ ನಾಣ್ಯವಾದ್ದರಿಂದ ಆ ದಾರಿಯೂ ಇಲ್ಲ.

ಇಬೇಯ ಭಾರತೀಯ ಜಾಲತಾಣ 2018ರ ಆಗಸ್ಟ್‌ನಲ್ಲಿ ಮುಚ್ಚಿದ ಮೇಲೆ ನಾವೆಲ್ಲ ಅದರ ಹೊರದೇಶದ ತಾಣಗಳಲ್ಲೇ ಕೊಳ್ಳುತ್ತಿದ್ದೇವೆ. ಹೀಗಾಗಿ ಪ್ರತಿಯೊಂದು ವಾಪಸಾತಿಯೂ ಗಡಿ ದಾಟಬೇಕಾಗುತ್ತದೆ. ಇದನ್ನು ಬಿಡ್ ಹಾಕುವ ಮೊದಲೇ ಯೋಚಿಸುವವರು ಕಡಿಮೆ. ಹಳೆಯ ನಾಣ್ಯವನ್ನು ಹೊರದೇಶದಿಂದ ಕೊಳ್ಳುವಾಗ, ಅದನ್ನು ಹಿಂದಿರುಗಿಸಲು ಆಗುವುದಿಲ್ಲವೆಂದು ತಿಳಿದುಕೊಂಡೇ ನಾನು ನನ್ನ ಬೆಲೆಯ ಮಿತಿಯನ್ನು ನಿರ್ಧರಿಸುತ್ತೇನೆ.

ಹಾಗೆಂದು ನೀವು ಬರಿಗೈಯಲ್ಲಿ ಕೂರಬೇಕಿಲ್ಲ. ಇಬೇಯ ಹಣ ವಾಪಸಾತಿ ಖಾತರಿಯಲ್ಲಿ, ವಸ್ತು ವಿವರಣೆಗೆ ತಕ್ಕಂತಿಲ್ಲದಿದ್ದರೆ ತಲುಪಿದ 30 ದಿನಗಳೊಳಗೆ ಕೋರಿಕೆ ಸಲ್ಲಿಸಬಹುದು. ಈ ಕೋರಿಕೆಯನ್ನು ತಾಣದೊಳಗೇ, ಅದಕ್ಕೆಂದು ಇರುವ ಪುಟದಲ್ಲಿ ದಾಖಲಿಸಬೇಕು. ಮಾರಾಟಗಾರರು ಸಂದೇಶದಲ್ಲಿ ಕೊಟ್ಟ ಮಾತು ಎಷ್ಟೇ ಸೌಜನ್ಯದ್ದಾದರೂ ಅದು ಕೋರಿಕೆ ಎನಿಸುವುದಿಲ್ಲ. ಉತ್ತರಿಸಲು ಅವರಿಗೆ ಮೂರು ಕೆಲಸದ ದಿನಗಳಿರುತ್ತವೆ, ಆಮೇಲೆ ಇಬೇಯೇ ಮಧ್ಯ ಪ್ರವೇಶಿಸುವಂತೆ ಕೇಳಬಹುದು. ನಾಣ್ಯವನ್ನು ವಾಪಸು ಮಾಡದೆ ಹಣದ ಒಂದು ಭಾಗವನ್ನಷ್ಟೇ ಹಿಂದಕ್ಕೆ ಪಡೆಯುವ ಏರ್ಪಾಡೂ ಇದೆ. ನಮ್ಮ ಕಾನೂನನ್ನು ಅವರಿಗೆ ವಿವರಿಸಿ, ತಿದ್ದಿದ ನಾಣ್ಯಕ್ಕೆ ಎಷ್ಟು ಬೆಲೆ ನ್ಯಾಯವೆನಿಸುತ್ತದೋ ಅಷ್ಟನ್ನು ಕಳೆದು ಉಳಿದದ್ದನ್ನು ಕೇಳಿ. ಹಣ ಕೈಸೇರುವವರೆಗೆ ಮಾತ್ರ ಕೋರಿಕೆಯನ್ನು ಮುಚ್ಚಬೇಡಿ.

1939ರ ರೂಪಾಯಿಗೆ ಇನ್ನೂ ನೂರು ತುಂಬಿಲ್ಲ, ಮೇಲಾಗಿ ಅದು ದೇಶದೊಳಗಿನ ವ್ಯವಹಾರ. ಈ ತೊಡಕು ಅದಕ್ಕೆ ತಗುಲದು. ಒಂದು ಮಾತು: ಇಸವಿ ತಿದ್ದಿದ ನಾಣ್ಯವನ್ನು ತೂಕ, ಅಳತೆ ಅಥವಾ ಬೆಳ್ಳಿಯ ಪರೀಕ್ಷೆ ಯಾವುದೂ ಹಿಡಿದುಕೊಡುವುದಿಲ್ಲ, ಏಕೆಂದರೆ 1938ರದೂ ಅದೇ ತೂಕದ, ಅದೇ ಬೆಳ್ಳಿಯ ಅಸಲಿ ನಾಣ್ಯ. ನೀವು ಮೊದಲ ದಿನ ಮೋಸಹೋದದ್ದು ಅಲ್ಲೇ. ಅಂಕಿಯನ್ನೇ ನೋಡಬೇಕು. ಸ್ನೇಹಿತರ ಮಾತಿನ ಮೇಲೆ ನಿಲ್ಲದೆ ನಾಣ್ಯದ ಅಸಲಿತನವನ್ನೂ ಸ್ಥಿತಿಯನ್ನೂ ಪರೀಕ್ಷಿಸಿ ಹೇಳುವ ಯಾವುದಾದರೂ ಗ್ರೇಡಿಂಗ್ ಸಂಸ್ಥೆಯಿಂದ ಲಿಖಿತ ಅಭಿಪ್ರಾಯ ತರಿಸಿಕೊಳ್ಳಿ.

ಉತ್ತರ 2 (ಮೈಸೂರಿನ ವಕೀಲ)

ಹರಾಜು ಸಂಸ್ಥೆಯ ಎರಡು ನೆಪಗಳನ್ನು ಬೇರೆಬೇರೆಯಾಗಿ ನೋಡಬೇಕು.

"ಇದ್ದ ಸ್ಥಿತಿಯಲ್ಲೇ" ಎಂಬ ಷರತ್ತು ನಾಣ್ಯದ ಸವೆತ, ಗೀರು, ಕಲೆಗಳಂಥವಕ್ಕೆ ಅನ್ವಯಿಸಬಹುದು. ಒಪ್ಪಂದದ ಮೂಲಕ ಕೆಲವು ಹೊಣೆಗಳನ್ನು ಕಳಚಿಕೊಳ್ಳಲು 1930ರ ಸರಕು ಮಾರಾಟ ಅಧಿನಿಯಮದಲ್ಲಿಯೇ ಅವಕಾಶವಿದೆ. ಆದರೆ ಅದೇ ಅಧಿನಿಯಮದ 15ನೆಯ ಪ್ರಕರಣದಂತೆ, ವಿವರಣೆ ಕೊಟ್ಟು ಮಾರಿದ ಸರಕು ಆ ವಿವರಣೆಗೆ ಹೊಂದಲೇಬೇಕು. ಅವರು ಮಾರಿದ್ದು 1939ರ ರೂಪಾಯಿಯನ್ನು, ನಿಮಗೆ ತಲುಪಿದ್ದು 1938ರದು. ಇದನ್ನು ಸ್ಥಿತಿಯ ದೋಷವೆನ್ನಲು ಬರುವುದಿಲ್ಲ, ವಸ್ತುವೇ ಬೇರೆಯಾಗಿದೆ. ನಿಮ್ಮ ಪತ್ರದಲ್ಲಿ "ನಾಣ್ಯ ಚೆನ್ನಾಗಿಲ್ಲ" ಎಂಬ ಅರ್ಥದ ಒಂದು ಪದವೂ ಬರದಂತೆ ನೋಡಿಕೊಳ್ಳಿ.

ಏಳು ದಿನಗಳ ಮಾತು ಸ್ವಲ್ಪ ಕಠಿಣ. ಸರಕನ್ನು ಪರೀಕ್ಷಿಸಲು ಕೊಳ್ಳುವವರಿಗೆ ತಕ್ಕ ಅವಕಾಶ ಸಿಗಬೇಕು, ತಕ್ಕ ಕಾಲ ಕಳೆದರೂ ನಿರಾಕರಿಸದಿದ್ದರೆ ಒಪ್ಪಿಕೊಂಡಂತೆ ಎಂದು 41 ಮತ್ತು 42ನೆಯ ಪ್ರಕರಣಗಳು ಹೇಳುತ್ತವೆ. ಕಣ್ಣಿಗೆ ಕಾಣದಂತೆ ಮಾಡಿದ ತಿದ್ದುಪಡಿಯನ್ನು ಒಂಬತ್ತನೆಯ ದಿನ ಕಂಡುಹಿಡಿದು ತಕ್ಷಣ ತಿಳಿಸಿದ್ದು ತಡವಲ್ಲವೆಂದು ನಾನು ವಾದಿಸುತ್ತೇನೆ, ಆದರೆ ಅದು ವಾದವೇ ಹೊರತು ಖಾತರಿಯಲ್ಲ. ನಿಮಗೆ ಇದಕ್ಕಿಂತ ಗಟ್ಟಿಯಾದ ನೆಲೆ 2020ರ ಇ-ವಾಣಿಜ್ಯ ಗ್ರಾಹಕ ಸಂರಕ್ಷಣಾ ನಿಯಮಗಳಲ್ಲಿದೆ. ಸರಕು ದೋಷಯುಕ್ತ ಅಥವಾ ನಕಲಿಯಾಗಿದ್ದರೆ, ಇಲ್ಲವೇ ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣ ಅದಕ್ಕಿಲ್ಲದಿದ್ದರೆ, ಅದನ್ನು ಹಿಂದಕ್ಕೆ ಪಡೆಯಲು ಅಥವಾ ಹಣ ಮರಳಿಸಲು ಮಾರಾಟಗಾರ ನಿರಾಕರಿಸುವಂತಿಲ್ಲ. ಸಂಸ್ಥೆಯ ಕುಂದುಕೊರತೆ ಅಧಿಕಾರಿಯು ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ನೀವು ಇದುವರೆಗೆ ಬರೆದದ್ದು ಸಾಮಾನ್ಯ ಮಿಂಚಂಚೆಗೆ ಎಂದು ತೋರುತ್ತದೆ. ತಾಣದಲ್ಲಿ ಆ ಅಧಿಕಾರಿಯ ಹೆಸರನ್ನು ಹುಡುಕಿ, ಅವರಿಗೇ ಬರೆಯಿರಿ.

ಅಲ್ಲಿಯೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. ಸಂಸ್ಥೆ ಯಾವ ಊರಿನದಾದರೂ ನೀವು ವಾಸವಿರುವ ದಾವಣಗೆರೆಯಲ್ಲೇ ದೂರು ದಾಖಲಿಸಬಹುದು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ಎರಡು ವರ್ಷಗಳ ಕಾಲಮಿತಿ ಇದೆ. ಮರುಮಾರಾಟಕ್ಕೆಂದು ಕೊಂಡವರು ಮಾತ್ರ ಗ್ರಾಹಕರೆನಿಸುವುದಿಲ್ಲ. ನೀವು ಮುಂದೆ ಮಾರುವ ವಿಚಾರ ಹೇಳಿದ್ದೀರಿ. ಈ ರೂಪಾಯಿ ನಿಮ್ಮ ಸ್ವಂತ ಸಂಗ್ರಹಕ್ಕೆಂದೇ ಕೊಂಡದ್ದು ಎಂಬುದನ್ನು ದೂರಿನಲ್ಲಿ ಸ್ಪಷ್ಟವಾಗಿ ಬರೆಯಿರಿ.

ಉತ್ತರ 3 (ಹುಬ್ಬಳ್ಳಿಯ ಮಾರಾಟಗಾರ್ತಿ)

ನಾನು ಹನ್ನೊಂದು ವರ್ಷಗಳಿಂದ ಆನ್‌ಲೈನ್ ಲಿಲಾವಿನಲ್ಲಿ ನಾಣ್ಯ ಮತ್ತು ಅಂಚೆಚೀಟಿ ಮಾರುತ್ತಿದ್ದೇನೆ. ಒಂದನೆಯ ಉತ್ತರ ಬರೆದ ಹಿರಿಯರ ಸಲಹೆಯಲ್ಲಿ ಒಂದು ಅಂಶವನ್ನು ನಾನು ಒಪ್ಪುವುದಿಲ್ಲ. ಗ್ರೇಡಿಂಗ್‌ಗೆ ನೀವೇ ನೇರವಾಗಿ ಕಳಿಸಬೇಡಿ. ನಾಣ್ಯ ಒಮ್ಮೆ ಮೂರನೆಯವರ ಕೈಗೆ ಹೋಗಿ ಬಂದರೆ, "ನಾವು ಕಳಿಸಿದ ನಾಣ್ಯವೇ ಇದು ಎಂಬುದಕ್ಕೆ ಏನು ಆಧಾರ?" ಎಂದು ಮಾರಿದವರು ಕೇಳುತ್ತಾರೆ, ಕೇಳುವುದು ಸಹಜವೂ ಹೌದು. ಯಾವ ಸಂಸ್ಥೆಗೆ ಕಳಿಸಬೇಕು, ಖರ್ಚು ಯಾರದು ಎಂಬುದನ್ನು ಇಬ್ಬರೂ ಬರವಣಿಗೆಯಲ್ಲಿ ಒಪ್ಪಿಕೊಂಡ ಮೇಲೆ, ಹರಾಜು ಸಂಸ್ಥೆಯ ಮೂಲಕವೇ ಹೋಗಲಿ. ಅಲ್ಲಿಯವರೆಗೆ ನಾಣ್ಯವನ್ನು ತೊಳೆಯಬೇಡಿ, ಬಂದ ಲಕೋಟೆ ಹಾಗೂ ಚೀಟಿಗಳನ್ನು ಎಸೆಯಬೇಡಿ.

ಇನ್ನೊಂದು ವಿಷಯಕ್ಕಾಗಿ ನೀವು ಅವಸರ ಮಾಡಲೇಬೇಕು. ಹರಾಜು ಸಂಸ್ಥೆ ಬಹುತೇಕ ಬೇರೆಯವರು ಒಪ್ಪಿಸಿದ ನಾಣ್ಯವನ್ನು ಮಾರುತ್ತದೆ, ಒಪ್ಪಿಸಿದವರಿಗೆ ಕೆಲವು ವಾರಗಳ ನಂತರ ಹಣ ಕೊಡುತ್ತದೆ. ಆ ಹಣ ಇನ್ನೂ ಸಂಸ್ಥೆಯಲ್ಲೇ ಇದ್ದರೆ ವಾಪಸಾತಿ ಸುಲಭ. ಕೈದಾಟಿದ ಮೇಲೆ ಸಂಸ್ಥೆ ತನ್ನ ಜೇಬಿನಿಂದ ಕೊಡಬೇಕಾಗುತ್ತದೆ, ಆಗ ಮಾತಿನ ಧಾಟಿಯೇ ಬದಲಾಗುತ್ತದೆ. "ವಿವಾದ ತೀರುವವರೆಗೆ ಈ ಲಾಟ್‌ನ ಹಣ ತಡೆಹಿಡಿಯಿರಿ" ಎಂಬ ಒಂದು ಸಾಲು ಇಂದೇ ಹೋಗಲಿ.

ಮಾರುವ ವಿಚಾರ ಕೇಳಿದ್ದೀರಿ. ನಾಲ್ಕು ವರ್ಷಗಳ ಹಿಂದೆ ನಾನು ಮಾರಿದ ಒಂದು ಬೆಳ್ಳಿ ರೂಪಾಯಿಯನ್ನು ಕೊಂಡವರು "ಸ್ಥಿತಿ ಸರಿಯಿಲ್ಲ" ಎಂದು ಹಿಂದಿರುಗಿಸಿದರು. ಪಾರ್ಸಲ್ ಬಿಚ್ಚಿದರೆ ಅದೇ ಇಸವಿಯ, ಆದರೆ ಹೆಚ್ಚು ಸವೆದ ಬೇರೆಯೇ ನಾಣ್ಯ ಇತ್ತು. ನನ್ನ ಬಳಿ ಎರಡು ಮಸುಕು ಚಿತ್ರಗಳ ಹೊರತು ಬೇರೇನೂ ಪುರಾವೆ ಇರಲಿಲ್ಲ, ಹಣ ಕೊಟ್ಟು ಸುಮ್ಮನಾದೆ. ಅಂದಿನಿಂದ ಪ್ರತಿ ನಾಣ್ಯದ ಎರಡೂ ಮುಖ, ಅಂಚು ಮತ್ತು ಇಸವಿಯ ಹತ್ತಿರದ ಚಿತ್ರ ತೆಗೆಯುತ್ತೇನೆ. ಗ್ರಾಮಿನ ಎರಡು ದಶಾಂಶದವರೆಗೆ ತೂಕ ಬರೆಯುತ್ತೇನೆ. ಕಿತ್ತರೆ ಹರಿಯುವ ಮುದ್ರೆಪಟ್ಟಿ ಅಂಟಿಸಿದ ಹೊದಿಕೆಯಲ್ಲಿಟ್ಟು, ಕಟ್ಟುವುದನ್ನು ವಿಡಿಯೊ ಮಾಡುತ್ತೇನೆ. ಮುದ್ರೆ ಹರಿದಿದ್ದರೆ ವಾಪಸು ಇಲ್ಲವೆಂದು ಲಾಟ್‌ನ ವಿವರಣೆಯಲ್ಲೇ ಹೇಳಿರುತ್ತೇನೆ, ಆದರೆ ನಾಣ್ಯ ಖೋಟಾ ಎಂದು ಸಾಬೀತಾದರೆ ಆ ಷರತ್ತನ್ನು ನಾನು ಎಂದೂ ಮುಂದೆ ಮಾಡುವುದಿಲ್ಲ.

ತಪ್ಪು ನನ್ನದಾಗಿದ್ದರೆ ಬಿಡ್‌ನ ಹಣದ ಜೊತೆಗೆ ಎರಡೂ ಕಡೆಯ ಅಂಚೆವೆಚ್ಚವನ್ನೂ ವಿಮೆಯ ಹಣವನ್ನೂ ಕೊಡುತ್ತೇನೆ. ಕೊಂಡವರ ಮನಸ್ಸು ಬದಲಾದರೆ ವಾಪಸು ಪಡೆಯುವುದಿಲ್ಲ. ಹರಾಜು ಎಂದರೆ ಅಂಗಡಿಯ ಹಾಗಲ್ಲ, ಅವರೆದುರು ಸೋತ ಬಿಡ್‌ದಾರರು ಅಷ್ಟರಲ್ಲಿ ಬೇರೆ ನಾಣ್ಯ ಕೊಂಡಿರುತ್ತಾರೆ. ಹಿಂದಿರುಗಿದ ನಾಣ್ಯವನ್ನು ಮತ್ತೆ ಇಡುವಾಗ ಅದು ಹಿಂದಿರುಗಿದ್ದೆಂದೂ ಯಾಕೆ ಎಂಬುದನ್ನೂ ಬರೆಯುತ್ತೇನೆ. ಹೀಗೆ ಬರೆದಾಗ ಬೆಲೆ ಕಡಿಮೆ ಬರುತ್ತದೆ ಎಂಬುದು ನಿಜ.

ಪ್ರಶ್ನೆ ಕೇಳಿದವರ ಮರುನುಡಿ (ಹನ್ನೆರಡು ದಿನಗಳ ನಂತರ)

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಕಟ್ಟಿಟ್ಟ ಪೊಟ್ಟಣವನ್ನು ಅಂದೇ ಬಿಚ್ಚಿದೆ. ಇಬೇಯಲ್ಲಿ ಕೋರಿಕೆ ದಾಖಲಿಸಿ ನಮ್ಮ ಕಾನೂನನ್ನು ವಿವರಿಸಿದಾಗ, ಮಾರಾಟಗಾರರು ತಮಗೂ ಇದು ತಿಳಿದಿರಲಿಲ್ಲವೆಂದು ಬರೆದು, ಬೆಲೆಯ ನೂರಕ್ಕೆ ಅರವತ್ತು ಭಾಗವನ್ನು ಮರಳಿಸಿದರು. ಇಪ್ಪತ್ತು ಕಾಸು ನನ್ನಲ್ಲೇ ಉಳಿಯಿತು. ಅದರ ಹೊದಿಕೆಯ ಮೇಲೆ "ಮರುಕೆತ್ತಿದ್ದು" ಎಂದು ಬರೆದಿಟ್ಟಿದ್ದೇನೆ.

ಹರಾಜು ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಬರೆದ ಮೂರನೆಯ ದಿನ ದೂರವಾಣಿ ಕರೆ ಬಂತು. ನಾಣ್ಯ ಒಪ್ಪಿಸಿದವರಿಗೆ ಹಣ ಇನ್ನೂ ಹೋಗಿರಲಿಲ್ಲ, ಅದನ್ನು ತಡೆಹಿಡಿದಿದ್ದಾರೆ. ತಾವೇ ಗ್ರೇಡಿಂಗ್‌ಗೆ ಕಳಿಸುವುದಾಗಿಯೂ, ಇಸವಿ ತಿದ್ದಿದ್ದೆಂದು ಬಂದರೆ ಶುಲ್ಕ, ಅಂಚೆವೆಚ್ಚ ಸೇರಿ ಪೂರ್ತಿ 48,300 ರೂಪಾಯಿ ಕೊಡುವುದಾಗಿಯೂ, ಅಸಲಿಯೆಂದು ಬಂದರೆ ಗ್ರೇಡಿಂಗ್ ಖರ್ಚು ನನ್ನದೆಂದೂ ಒಪ್ಪಂದವಾಗಿದೆ. ಇದನ್ನೆಲ್ಲ ಮಿಂಚಂಚೆಯಲ್ಲಿ ಬರೆಸಿಕೊಂಡ ಮೇಲೆ, ಅಂಕಿಯ ಹತ್ತಿರದ ಚಿತ್ರಗಳನ್ನು ತೆಗೆದು, ಕಟ್ಟುವುದನ್ನು ವಿಡಿಯೊ ಮಾಡಿ, ನಿನ್ನೆ ವಿಮೆ ಸಹಿತ ಕಳಿಸಿದೆ. ವರದಿ ಬಂದ ದಿನ ಇಲ್ಲಿಯೇ ತಿಳಿಸುತ್ತೇನೆ.