ಪ್ರಶ್ನೋತ್ತರ: ಅಪ್ಪನ ಕಿಡ್ನಿ ತೆಗೆದಾಯ್ತು, ಕ್ಯಾನ್ಸರ್‌ನ ಸ್ಟೆಮ್ ಸೆಲ್ ಉಳಿದಿರುತ್ತಾ?

ಪ್ರಶ್ನೆ (ಸಕಲೇಶಪುರದಿಂದ): ನಮಸ್ಕಾರ ಡಾಕ್ಟ್ರೇ. ಕಳೆದ ತಿಂಗಳು ಬೆಂಗಳೂರಿನಲ್ಲಿ ಅಪ್ಪನ ಎಡಗಡೆ ಕಿಡ್ನಿ ತೆಗೆದರು. ವಯಸ್ಸು 61. ಗಡ್ಡೆ 8 ಸೆಂ.ಮೀ. ಇತ್ತಂತೆ. ರಿಪೋರ್ಟಿನಲ್ಲಿ ‘ಕ್ಲಿಯರ್ ಸೆಲ್, ಗ್ರೇಡ್ 3, ಪಿಟಿ3ಎ’ ಅಂತಿದೆ. ಕೀಮೋ ಬೇಡ, ಆರು ತಿಂಗಳು ಬಿಟ್ಟು ಸಿಟಿ ಸ್ಕ್ಯಾನ್‌ಗೆ ಬನ್ನಿ ಎಂದಿದ್ದಾರೆ. ನಮ್ಮ ಚಿಕ್ಕಮ್ಮನಿಗೆ ಸ್ತನದ ಕ್ಯಾನ್ಸರ್ ಆದಾಗ ಆಪರೇಷನ್ ನಂತರವೂ ಕೀಮೋ ಕೊಟ್ಟಿದ್ದರು. ಅಪ್ಪನಿಗೆ ಯಾಕಿಲ್ಲ? ಸ್ಟೆಮ್ ಸೆಲ್ ಒಳಗೇ ಉಳಿದು ಕ್ಯಾನ್ಸರ್ ಮತ್ತೆ ಬರುತ್ತದೆ ಎಂದು ಎಲ್ಲೋ ಓದಿದಾಗಿನಿಂದ ನಿದ್ದೆಯಿಲ್ಲ.

ಉತ್ತರ (ಡಾಕ್ಟರ್, ಹಾಸನ): ನಮಸ್ಕಾರ ಅಮ್ಮ. ಕೀಮೋ ಕೊಡದೆ ಇದ್ದದ್ದು ಉದಾಸೀನದಿಂದ ಅಲ್ಲ. ರಿಪೋರ್ಟಿನ ‘ಕ್ಲಿಯರ್ ಸೆಲ್’ ಅಂದರೆ ಕಿಡ್ನಿ ಕ್ಯಾನ್ಸರ್‌ನ ಒಂದು ಬಗೆ. ಈ ಕ್ಯಾನ್ಸರ್ ಹುಟ್ಟುವುದು ಕಿಡ್ನಿಯ ಸಣ್ಣ ನಾಳಗಳ ಜೀವಕೋಶಗಳಲ್ಲಿ. ಬೇಡದ್ದನ್ನು ಹೊರಗೆ ತಳ್ಳುವುದೇ ಆ ಕೋಶಗಳ ಕೆಲಸ. ಅದಕ್ಕಾಗಿ ಅವುಗಳ ಗೋಡೆಯಲ್ಲಿ ಪಿ-ಗ್ಲೈಕೋಪ್ರೋಟೀನ್ ಎಂಬ ಪಂಪ್ ಇರುತ್ತದೆ. ಕ್ಯಾನ್ಸರ್ ಆದ ಮೇಲೂ ಆ ಪಂಪ್ ಹೋಗುವುದಿಲ್ಲ, ಒಳಗೆ ಬಂದ ಕೀಮೋ ಔಷಧಿಯನ್ನೂ ಹೊರಗೆ ಹಾಕುತ್ತದೆ. ಕೀಮೋ ಇಲ್ಲಿ ನಾಟದಿರಲು ಇದೊಂದು ಮುಖ್ಯ ಕಾರಣ.

ಇನ್ನು ಸ್ಟೆಮ್ ಸೆಲ್ ವಿಷಯ. ಒಂದು ಗಡ್ಡೆಯ ಕೋಶಗಳೆಲ್ಲ ಒಂದೇ ಥರ ಇರುವುದಿಲ್ಲ. ಹೆಚ್ಚಿನವು ಸ್ವಲ್ಪ ದಿನ ಬೆಳೆದು ಸುಮ್ಮನಾಗುತ್ತವೆ. ಕೆಲವು ಮಾತ್ರ ನಿಧಾನವಾಗಿ ಬೆಳೆಯುತ್ತಾ, ಔಷಧಿಯನ್ನು ತಡೆದುಕೊಂಡು, ಮತ್ತೆ ಇಡೀ ಗಡ್ಡೆಯನ್ನೇ ಕಟ್ಟಬಲ್ಲವು. ಇವನ್ನೇ ಕ್ಯಾನ್ಸರ್‌ನ ಸ್ಟೆಮ್ ಸೆಲ್ ಅನ್ನುತ್ತಾರೆ. ಹೊಲದ ಜೇಕು ನೋಡಿದ್ದೀರಲ್ವಾ? ಮೇಲಿನ ಹುಲ್ಲು ಕಿತ್ತರೂ ಮಣ್ಣಿನ ಗೆಡ್ಡೆಯಿಂದ ಚಿಗುರುತ್ತದೆ. ಹಾಗೆ.

ಕಿಡ್ನಿ ಕ್ಯಾನ್ಸರ್‌ನಲ್ಲಿ ಇಂಥ ಕೋಶಗಳನ್ನು 2008ರಲ್ಲಿ ಇಟಲಿಯ ಟ್ಯೂರಿನ್‌ನ ಸಂಶೋಧಕರು ಬೇರ್ಪಡಿಸಿದರು. ಮೇಲ್ಮೈಯಲ್ಲಿ ಸಿಡಿ105 ಎಂಬ ಪ್ರೋಟೀನ್ ಇದ್ದ ಕೋಶಗಳನ್ನು ಬಹಳ ಕಡಿಮೆ ಸಂಖ್ಯೆಯಲ್ಲಿ ಇಲಿಗಳಿಗೆ ಹಾಕಿದರೂ ಗಡ್ಡೆ ಬೆಳೆಯಿತು. ಅವೇ ಕೋಶಗಳಿಂದ ರಕ್ತನಾಳದ ಕೋಶಗಳೂ ಹುಟ್ಟಿದವು. 2011ರಲ್ಲಿ ಅದೇ ತಂಡಕ್ಕೆ ಇನ್ನೊಂದು ಸಂಗತಿ ಸಿಕ್ಕಿತು. ಈ ಕೋಶಗಳು ಅತಿ ಸಣ್ಣ ಚೀಲಗಳನ್ನು ಹೊರಗೆ ಬಿಡುತ್ತವೆ. ಆ ಚೀಲಗಳು ಇಲಿಯ ಶ್ವಾಸಕೋಶವನ್ನು ಕ್ಯಾನ್ಸರ್ ಬಂದು ನೆಲೆಸಲು ಮೊದಲೇ ಹದಮಾಡುತ್ತವೆ. ನನಗೆ ಇದು ತುಂಬಾ ಮುಖ್ಯ ಅನ್ನಿಸುತ್ತದೆ. ಯಾಕೆಂದರೆ ಕಿಡ್ನಿ ಕ್ಯಾನ್ಸರ್ ಹರಡುವಾಗ ಜಾಸ್ತಿ ಹೋಗುವುದು ಶ್ವಾಸಕೋಶಕ್ಕೇ.

ಆದರೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ‘ಇದೇ ಕಿಡ್ನಿ ಕ್ಯಾನ್ಸರ್‌ನ ಸ್ಟೆಮ್ ಸೆಲ್’ ಎಂದು ಎಲ್ಲರೂ ಒಪ್ಪಿದ ಗುರುತು ಇನ್ನೂ ಇಲ್ಲ. ಕೆಲವರು ಸಿಡಿ105 ಅಂದರು, ಕೆಲವರು ಸಿಎಕ್ಸ್‌ಸಿಆರ್4 ಎಂಬ ಇನ್ನೊಂದು ಪ್ರೋಟೀನ್ ಅಂದರು. ಸಾಮಾನ್ಯ ಕ್ಯಾನ್ಸರ್ ಕೋಶವೂ ಸಮಯ ಬಂದಾಗ ಈ ಗುಣ ಪಡೆಯಬಹುದು. ಹಾಗಾಗಿ ನಿಮ್ಮ ತಂದೆಯವರಲ್ಲಿ ಅವು ಉಳಿದಿವೆಯೇ ಎಂದು ಹೇಳುವ ರಕ್ತಪರೀಕ್ಷೆ ಇಲ್ಲ. ಯಾರಾದರೂ ಇದೆ ಅಂದರೆ ದುಡ್ಡು ಕೊಡಬೇಡಿ. ಎಷ್ಟೋ ಜನರಿಗೆ ಆಪರೇಷನ್ನಿನಲ್ಲೇ ಪೂರ್ತಿ ಗುಣವಾಗುತ್ತದೆ, ಅದನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ.

ಪ್ರಶ್ನೆ (ಅರಸೀಕೆರೆಯಿಂದ): ಸರ್, ನಮ್ಮ ಮಾವನಿಗೂ ಇದೇ ಕಾಯಿಲೆ. ‘ಸ್ಟೆಮ್ ಸೆಲ್ ಇಂಜೆಕ್ಷನ್’ ತಗೊಂಡರೆ ಕಿಡ್ನಿ ಹೊಸದಾಗುತ್ತೆ, ಕ್ಯಾನ್ಸರೂ ಹೋಗುತ್ತೆ ಎಂದು ಒಬ್ಬರು ಲಕ್ಷಗಟ್ಟಲೆ ಕೇಳುತ್ತಿದ್ದಾರೆ. ಕೊಡಿಸೋಣವಾ?

ಉತ್ತರ: ಖಂಡಿತ ಬೇಡ. ನಾನು ಮೇಲೆ ಹೇಳಿದ ಕೋಶಗಳು ಕ್ಯಾನ್ಸರ್ ಬೆಳೆಸುವಂಥವು. ಅವರು ಮಾರುತ್ತಿರುವುದೇ ಬೇರೆ. ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ 2017ರ ಮಾರ್ಗಸೂಚಿ ಓದಿದರೆ ಸ್ಪಷ್ಟವಾಗುತ್ತದೆ. ಕೆಲವು ರಕ್ತಸಂಬಂಧಿ ಕಾಯಿಲೆಗಳಿಗೆ ಮಾಡುವ ಬೋನ್ ಮ್ಯಾರೋ ಕಸಿಯಂಥ ಚಿಕಿತ್ಸೆ ಬಿಟ್ಟರೆ ಉಳಿದದ್ದೆಲ್ಲ ಅನುಮತಿ ಪಡೆದ ಸಂಶೋಧನೆಯಲ್ಲಿ ಮಾತ್ರ ನಡೆಯಬೇಕು. ಸಂಶೋಧನೆ ಹೆಸರಲ್ಲಿ ರೋಗಿಯಿಂದ ದುಡ್ಡು ತಗೊಳ್ಳುವ ಹಾಗೂ ಇಲ್ಲ. ಆ ದುಡ್ಡು ಮಾವನವರ ಸ್ಕ್ಯಾನಿಗೆ, ಓಡಾಟಕ್ಕೆ ಆಗುತ್ತದೆ.

ಪ್ರಶ್ನೆ (ಸಕಲೇಶಪುರ): ಹಾಗಾದರೆ ಈಗ ಏನೂ ಮಾಡೋದಿಲ್ವಾ ಡಾಕ್ಟ್ರೇ? ಅಪ್ಪನಿಗೆ ಮಂಡಿನೋವಿದೆ, ಮೆಡಿಕಲ್ ಶಾಪಿನ ಮಾತ್ರೆ ನುಂಗುತ್ತಾರೆ. ಪರವಾಗಿಲ್ವಾ?

ಉತ್ತರ: ಮಾಡುವುದಿದೆ, ತಡಮಾಡಬೇಡಿ. ಪಿಟಿ3ಎ ಅಂದರೆ ಕ್ಯಾನ್ಸರ್ ಕಿಡ್ನಿ ಬಿಟ್ಟು ಸುತ್ತಲಿನ ಕೊಬ್ಬಿಗೋ ಕಿಡ್ನಿಯ ರಕ್ತನಾಳಕ್ಕೋ ಕಾಲಿಟ್ಟಿದೆ. ಇಂಥವರಿಗೆ ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೊಥೆರಪಿಯನ್ನು (ದೇಹದ ರೋಗನಿರೋಧಕ ಶಕ್ತಿಯೇ ಕ್ಯಾನ್ಸರ್ ಮೇಲೆ ಬೀಳುವಂತೆ ಮಾಡುವ ಔಷಧಿ) ಸುಮಾರು ಒಂದು ವರ್ಷ ಕೊಡುತ್ತಾರೆ. ಮರುಕಳಿಸುವ ಅಪಾಯ ಕಡಿಮೆಯಾಗುತ್ತದೆ, ಹೆಚ್ಚು ಜನ ಬದುಕುತ್ತಾರೆ ಎಂದು 2024ರಲ್ಲಿ ಪ್ರಕಟವಾದ ಫಲಿತಾಂಶ ತೋರಿಸಿತು. ಆ ಅಧ್ಯಯನದಲ್ಲಿ ಆಪರೇಷನ್ ಆದ 12 ವಾರದೊಳಗೆ ಶುರುಮಾಡಿದ್ದರು. ಖರ್ಚು ದೊಡ್ಡದು. ಥೈರಾಯ್ಡ್, ಶ್ವಾಸಕೋಶ, ಕರುಳಿಗೆ ತೊಂದರೆಯೂ ಆಗಬಹುದು. ಎಲ್ಲರಿಗೂ ಬೇಕಾಗುವುದೂ ಇಲ್ಲ. ಆದರೂ ಈ ವಾರವೇ ಕ್ಯಾನ್ಸರ್ ತಜ್ಞರ ಹತ್ತಿರ ರಿಪೋರ್ಟ್ ತಗೊಂಡು ಹೋಗಿ ಕೇಳಿ.

ಎದೆ, ಹೊಟ್ಟೆ ಎರಡರ ಸಿಟಿಯನ್ನೂ ಹೇಳಿದ ದಿನಕ್ಕೆ ಮಾಡಿಸಿ. ಈ ಕ್ಯಾನ್ಸರ್ ಐದು ವರ್ಷ, ಕೆಲವೊಮ್ಮೆ ಹತ್ತು ವರ್ಷ ಕಳೆದ ಮೇಲೂ ಮರಳಿದ್ದಿದೆ. ಕಾಫಿ ಕೊಯ್ಲು ಮುಗೀಲಿ, ಆಮೇಲೆ ನೋಡೋಣ ಎಂದು ಮುಂದೂಡಬೇಡಿ.

ಮಂಡಿನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ಥರದ ಮಾತ್ರೆ ಇವತ್ತೇ ನಿಲ್ಲಿಸಿ. ಉಳಿದಿರುವ ಒಂದೇ ಕಿಡ್ನಿಗೆ ಅವು ಹೊರೆ. ಬಿಪಿ, ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ರಕ್ತಪರೀಕ್ಷೆ) ನೋಡಿಸಿ, ನೋವಿಗೆ ಏನು ಕೊಡಬಹುದು ಎಂದು ವೈದ್ಯರನ್ನೇ ಕೇಳಿ. ಬೆನ್ನು, ತೊಡೆಯಲ್ಲಿ ಹೊಸದಾಗಿ ನೋವು ಬಂದು ರಾತ್ರಿಯೂ ಬಿಡದಿದ್ದರೆ ಮುಂದಿನ ಸ್ಕ್ಯಾನಿನವರೆಗೆ ಕಾಯಬೇಡಿ, ಕರೆದುಕೊಂಡು ಬನ್ನಿ.