ನಿಲ್ದಾಣದ ಮೇಲಿನ ಜಾಗದ ಹಕ್ಕಿಗೆ ಕನ್ನಡದಲ್ಲಿ ಏನೆನ್ನಬೇಕು?

ಮುಂಬೈಯಲ್ಲಿರುವ ನಮ್ಮ ಉತ್ತರ ಕನ್ನಡದವರು ಹೊರತರುವ ಸಂಚಿಕೆಯೊಂದಕ್ಕೆ ಲೇಖನ ಬರೆಯುತ್ತಿದ್ದೇನೆ. ದೊಡ್ಡ ನಗರಗಳ ಮುಖ್ಯ ರೈಲು ನಿಲ್ದಾಣಗಳನ್ನು ಹೊಸದಾಗಿ ಕಟ್ಟುವುದು, ಅವುಗಳ ಸುತ್ತಲೂ ಮೇಲೂ ಹತ್ತಾರು ಅಂತಸ್ತಿನ ಕಟ್ಟಡಗಳನ್ನು ಎಬ್ಬಿಸುವುದು ಅದರ ವಿಷಯ. ಬೇಕಾದ ಪದಗಳು ಬಹುಮಟ್ಟಿಗೆ ಸಿಕ್ಕಿವೆ, ಒಂದು ಮಾತ್ರ ಸಿಕ್ಕಿಲ್ಲ. ಇಂಗ್ಲಿಷಿನವರು ‘ಏರ್ ರೈಟ್ಸ್’ ಎನ್ನುವ ಹಕ್ಕಿಗೆ ನಾವು ಏನೆನ್ನಬೇಕು? ನೆಲ ರೈಲ್ವೆಯದಾಗಿಯೇ ಉಳಿಯುತ್ತದೆ. ಹಳಿಗಳ ಮೇಲೆ, ಚಾವಣಿಯ ಮೇಲೆ ಖಾಲಿ ಬಿದ್ದಿರುವ ಜಾಗದಲ್ಲಿ ಕಟ್ಟುವ ಅಧಿಕಾರವನ್ನಷ್ಟೇ ಬೇರೆಯವರಿಗೆ ಮಾರುತ್ತಾರೆ, ಇಲ್ಲವೆ ಗುತ್ತಿಗೆಗೆ ಕೊಡುತ್ತಾರೆ. ಇದನ್ನು ‘ವಾಯು ಹಕ್ಕು’ ಎಂದರೆ ಶುದ್ಧ ಗಾಳಿಯ ಹಕ್ಕು ಎಂದು ಓದಿಕೊಳ್ಳುತ್ತಾರೆ. ‘ವಾಯುಪ್ರದೇಶ’ ವಿಮಾನಗಳಿಗೆ ಮೀಸಲಾಗಿಬಿಟ್ಟಿದೆ. ‘ಆಕಾಶದ ಹಕ್ಕು’ ಕಿವಿಗೇನೋ ಹಿತ, ಆದರೆ ಹದಿನೈದನೆಯ ಅಂತಸ್ತಿನ ಅಂಗಡಿಯ ಕ್ರಯಪತ್ರದಲ್ಲಿ ಅದನ್ನು ಬರೆಯಲು ಯಾವ ಬರಹಗಾರನ ಕೈಯೂ ಮುಂದಾಗದು.

ಪದ ಹುಡುಕುವ ಮೊದಲು ಪದಾರ್ಥ ತಿಳಿದಿರಬೇಕು. ಈ ಹಕ್ಕು ದೊಡ್ಡ ವ್ಯಾಪಾರವಾದದ್ದು ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದಲ್ಲಿ. 1902ರಲ್ಲಿ ಅಲ್ಲಿನ ಸುರಂಗದೊಳಗೆ ಉಗಿಬಂಡಿಯ ಹೊಗೆಯಲ್ಲಿ ಸಿಗ್ನಲ್ ಕಾಣದೆ ರೈಲುಗಳು ಢಿಕ್ಕಿ ಹೊಡೆದವು. ಆ ಮೇಲೆ ನಗರದೊಳಗೆ ಉಗಿಬಂಡಿಗಳೇ ಬೇಡವೆಂದಾಯಿತು. ವಿಲಿಯಂ ವಿಲ್ಗಸ್ ಎಂಬ ಎಂಜಿನಿಯರು ವಿದ್ಯುತ್ ರೈಲುಗಳನ್ನು ತಂದು, ಹಳಿಗಳನ್ನೆಲ್ಲ ನೆಲದಡಿಗೆ ಇಳಿಸುವ ಯೋಜನೆ ಹಾಕಿದರು. ಹೊಗೆ ಹೋದ ಮೇಲೆ ಹಳಿಗಳ ಮೇಲ್ಭಾಗ ಕಟ್ಟಡಕ್ಕೆ ಯೋಗ್ಯವಾಯಿತು. ಆ ಮೇಲ್ಭಾಗವನ್ನು ಬಿಲ್ಡರುಗಳಿಗೆ ಕೊಟ್ಟು ಬಂದ ಹಣದಿಂದ ಯೋಜನೆಯ ಖರ್ಚು ತೂಗಿಸುವುದು ಅವರ ಲೆಕ್ಕ. 1913ರಲ್ಲಿ ನಿಲ್ದಾಣ ತೆರೆಯಿತು, ಸುತ್ತಲಿನ ಬೀದಿಗಳು ಹಳಿಗಳ ಬೆನ್ನ ಮೇಲೆಯೇ ಬೆಳೆದವು. 1963ರಲ್ಲಿ ನಿಲ್ದಾಣದ ಬೆನ್ನಿಗೇ 59 ಅಂತಸ್ತಿನ ಪ್ಯಾನ್ ಆ್ಯಮ್ ಕಟ್ಟಡ ಎದ್ದಿತು. 1968ರಲ್ಲಿ ನಿಲ್ದಾಣದ ನೆತ್ತಿಯ ಮೇಲೆಯೇ ಇನ್ನೊಂದನ್ನು ಕಟ್ಟಲು ರೈಲು ಕಂಪನಿ ಹೊರಟಾಗ ನಗರಾಡಳಿತ ತಡೆಯಿತು, ಏಕೆಂದರೆ ಅಷ್ಟರಲ್ಲಿ ಅದು ಸಂರಕ್ಷಿತ ಸ್ಮಾರಕವಾಗಿತ್ತು. ಅಮೆರಿಕದ ಸುಪ್ರೀಂ ಕೋರ್ಟ್ 1978ರಲ್ಲಿ ನಗರದ ಪರವಾಗಿ ತೀರ್ಪು ಕೊಟ್ಟಿತು. ನಿಲ್ದಾಣದ ಮೇಲೆ ಬಳಸಲಾಗದ ಹಕ್ಕನ್ನು ಹತ್ತಿರದ ನಿವೇಶನಗಳಿಗೆ ದಾಟಿಸಲು ಅವಕಾಶವಿದೆ ಎಂಬುದನ್ನೂ ಆ ತೀರ್ಪು ಗಣನೆಗೆ ತೆಗೆದುಕೊಂಡಿತು.

ಈ ‘ದಾಟಿಸುವ’ ಅಂಶವೇ ನನಗೆ ಮುಖ್ಯ. ಟೋಕಿಯೊ ನಿಲ್ದಾಣದ ಕೆಂಪು ಇಟ್ಟಿಗೆಯ ಕಟ್ಟಡ 1914ರದು. 1945ರ ಬಾಂಬ್ ದಾಳಿಯಲ್ಲಿ ಅದರ ಮೂರನೆಯ ಅಂತಸ್ತು ಮತ್ತು ಗುಮ್ಮಟಗಳು ಹಾಳಾದವು. ಅದನ್ನು ಮೊದಲಿನಂತೆ ಕಟ್ಟಿ ಮುಗಿಸಿದ್ದು 2012ರಲ್ಲಿ. ಅದಕ್ಕೆ ಹಣ ಬಂದದ್ದು ನಿಲ್ದಾಣವು ತಾನು ಏರದೆ ಬಿಟ್ಟ ಎತ್ತರವನ್ನು ಅಕ್ಕಪಕ್ಕದ ಕಟ್ಟಡಗಳಿಗೆ ಮಾರಿದ್ದರಿಂದ. ಹಾಗಾಗಿ ನಮಗೆ ಬೇಕಾದ ಪದ ಹಳಿಯ ಮೇಲೆ ಕಟ್ಟುವುದನ್ನು ಹೇಳಿದರೆ ಸಾಲದು. ಕಟ್ಟದೆ ಉಳಿಸಿ ಬೇರೆಡೆಗೆ ಸಾಗಿಸುವುದನ್ನೂ ಅದು ಹೊರಬೇಕು.

ನಮ್ಮ ದೇಶದಲ್ಲೂ ಇದು ಶುರುವಾಗಿದೆ. ಗಾಂಧಿನಗರದ ನಿಲ್ದಾಣದಲ್ಲಿ ಹಳಿಗಳ ಮೇಲೆಯೇ 318 ಕೋಣೆಗಳ ಹೋಟೆಲ್ 2021ರಲ್ಲಿ ತೆರೆಯಿತು. ನವದೆಹಲಿ, ಅಹಮದಾಬಾದ್ ಮತ್ತು ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ನಿಲ್ದಾಣಗಳಿಗಾಗಿ ಕೇಂದ್ರ ಸಚಿವ ಸಂಪುಟವು 2022ರ ಸೆಪ್ಟೆಂಬರಿನಲ್ಲಿ ಸುಮಾರು 10,000 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮುಂಬೈಯ ಆ ಹಳೆಯ ಕಟ್ಟಡ 2004ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಅದರ ಮೇಲೆ ಅಂತಸ್ತು ಏರಿಸುವ ಮಾತಿಲ್ಲ. ಇಂಥ ಕಡೆ ಬೆಲೆ ಬರುವುದು ಸುತ್ತಲಿನ ಎತ್ತರಕ್ಕೆ. ಕಾರವಾರದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ, ಏಕೆಂದರೆ ನಮ್ಮ ನಿಲ್ದಾಣ ಪೇಟೆಯಿಂದ ದೂರ, ಶಿರವಾಡದಲ್ಲಿದೆ. ರೈಲಿಳಿದವರು ಆಟೊ ಹಿಡಿದು ಊರಿಗೆ ಬರುತ್ತಾರೆ. ನಿಲ್ದಾಣದ ಬಾಗಿಲಲ್ಲಿ ಒಂದು ಚದರ ಅಡಿ ಜಾಗಕ್ಕೆ ಇರುವ ಬೆಲೆ ಮುಂಬೈಯಲ್ಲಿ ಬದುಕಿದವರಿಗೆ ಮಾತ್ರ ಮೈಗೆ ತಾಗಿರುತ್ತದೆ.

ಉಳಿದ ಪದಗಳನ್ನು ಬೇಗ ಮುಗಿಸುತ್ತೇನೆ. ‘ಗಗನಚುಂಬಿ’ ಚೆನ್ನಾಗಿ ಬೇರೂರಿದೆ, ಅದನ್ನು ಕೀಳುವ ಹಟ ನನಗಿಲ್ಲ. ಸಂಸ್ಕೃತದಲ್ಲಿ ಮೋಡವನ್ನು ಉಜ್ಜುವ ‘ಅಭ್ರಂಕಷ’, ಮೋಡವನ್ನು ನೆಕ್ಕುವ ‘ಅಭ್ರಂಲಿಹ’ ಎರಡೂ ಇವೆ, ಪಾಣಿನಿಯೇ ಇವುಗಳ ರಚನೆಗೆ ಸೂತ್ರ ಹೇಳಿದ್ದಾನೆ. ಕನ್ನಡದ ಬಾಯಿಗೆ ಅವು ಒಗ್ಗಲಿಲ್ಲ. ‘ಟವರ್’ ಬೇಡ, ನಮ್ಮ ಘಟ್ಟದ ಊರುಗಳಲ್ಲಿ ಟವರ್ ಎಂದರೆ ಮೊಬೈಲಿನದು, ಜನ ಅದಕ್ಕಾಗಿ ವರ್ಷಗಟ್ಟಲೆ ಅರ್ಜಿ ಕೊಡುತ್ತಾರೆ. ‘ಗೋಪುರ’ ಎಂದರೆ ಮುರುಡೇಶ್ವರದ ಇಪ್ಪತ್ತು ಅಂತಸ್ತಿನ ರಾಜಗೋಪುರ ಕಣ್ಣಿಗೆ ಬರುತ್ತದೆ. ಅದರೊಳಗೆ ಲಿಫ್ಟ್ ಇದ್ದರೂ ಅದು ಕಚೇರಿಗಳ ಕಟ್ಟಡವಲ್ಲ. ನಿಲ್ದಾಣದ ಆಸುಪಾಸಿಗೆ ‘ವಠಾರ’ ಎನ್ನಬಹುದೆಂದು ಮಂಗಳೂರಿನ ಸ್ನೇಹಿತರೊಬ್ಬರು ಹೇಳಿದರು. ಅವರ ಕಡೆ ಶಾಲೆಗೂ ದೇವಸ್ಥಾನಕ್ಕೂ ವಠಾರವುಂಟು. ನಮ್ಮಲ್ಲಿ ಅದೇ ಜಾಗದಲ್ಲಿ ‘ಆವಾರ’ ಬರುತ್ತದೆ. ಬೆಂಗಳೂರಿನವರು ವಠಾರವೆಂದರೆ ಬಾಡಿಗೆ ಮನೆಗಳ ಸಾಲು ಎಂದು ತಿಳಿಯುತ್ತಾರೆ. ನಾನು ‘ಆಸುಪಾಸು’ ಎಂದೇ ಬರೆಯುತ್ತೇನೆ.

ಇನ್ನು ‘ಪುನರಭಿವೃದ್ಧಿ’. ಪತ್ರಿಕೆಗಳಲ್ಲಿ ‘ಪುನರಾಭಿವೃದ್ಧಿ’ ಎಂಬ ರೂಪವೇ ಹೆಚ್ಚು. ಪುನರ್ ಮತ್ತು ಅಭಿವೃದ್ಧಿ ಸೇರಿದರೆ ದೀರ್ಘ ಬರಲು ಕಾರಣವಿಲ್ಲ. ಕಾಗುಣಿತಕ್ಕಿಂತ ಅದರ ಮಸುಕು ಅರ್ಥ ನನ್ನನ್ನು ಹೆಚ್ಚು ಕಾಡುತ್ತದೆ. ನಿಲ್ದಾಣಕ್ಕೆ ಬಣ್ಣ ಬಳಿದು ಲಿಫ್ಟ್ ಹಾಕಿದರೂ ಅದೇ ಪದ, ಇಡೀ ಕಟ್ಟಡ ಕೆಡವಿದರೂ ಅದೇ, ಸುತ್ತಲಿನ ಚಾಳುಗಳನ್ನು ಖಾಲಿ ಮಾಡಿಸಿ ಮೂರು ಪಟ್ಟು ಎತ್ತರ ಕಟ್ಟಿದರೂ ಅದೇ. ಮೊದಲನೆಯದು ನವೀಕರಣ, ಎರಡನೆಯದು ಪುನರ್ನಿರ್ಮಾಣ. ಮೂರನೆಯದರಲ್ಲಿ ಜನ ಎಲ್ಲಿ ಹೋಗುತ್ತಾರೆ ಎಂಬ ಪ್ರಶ್ನೆಯಿದೆ. ‘ಪುನರ್’ ಎಂದು ಆರಂಭವಾಗುವ ಇನ್ನೊಂದು ಮಾತು ಕಾರವಾರದಲ್ಲಿ ಮನೆಮಾತು, ಪುನರ್ವಸತಿ. 1986ರಲ್ಲಿ ನೌಕಾನೆಲೆಯ ಸೀಬರ್ಡ್ ಯೋಜನೆಗೆ ಅಡಿಗಲ್ಲು ಬಿದ್ದ ಮೇಲೆ ಕಾರವಾರಕ್ಕೂ ಅಂಕೋಲಾಕ್ಕೂ ನಡುವಿನ ಕಡಲಂಚಿನ ಊರುಗಳ ಜನ ಮನೆ, ಗದ್ದೆ, ದೋಣಿ ಎಳೆಯುವ ದಂಡೆ ಎಲ್ಲ ಬಿಟ್ಟು ಬರಬೇಕಾಯಿತು. ಪರಿಹಾರದ ವ್ಯಾಜ್ಯಗಳು ಮುಂದಿನ ತಲೆಮಾರಿನವರೆಗೂ ನಡೆದವು. ಅಂಥ ಓದುಗರ ಮುಂದೆ ‘ಪುನರಭಿವೃದ್ಧಿ’ ಎಂದಷ್ಟೇ ಬರೆದು ಮುಂದೆ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಏನನ್ನು ಕೆಡವುತ್ತಾರೆ, ಯಾರನ್ನು ಎಬ್ಬಿಸುತ್ತಾರೆ ಎಂದು ಬಿಡಿಸಿಯೇ ಬರೆಯುತ್ತೇನೆ.

ಒಂದು ನಿವೇಶನದಲ್ಲಿ ಒಟ್ಟು ಎಷ್ಟು ವಿಸ್ತೀರ್ಣ ಕಟ್ಟಬಹುದು ಎಂಬ ಅಳತೆಗೆ ಕರ್ನಾಟಕದಲ್ಲಿ ಎಫ್‌ಎಆರ್ ಎನ್ನುತ್ತೇವೆ, ಮುಂಬೈಯಲ್ಲಿ ಎಫ್‌ಎಸ್‌ಐ. ಸಾವಿರ ಚದರ ಮೀಟರ್ ನಿವೇಶನಕ್ಕೆ ಅದು ಮೂರು ಎಂದಿದ್ದರೆ ಎಲ್ಲ ಅಂತಸ್ತುಗಳೂ ಸೇರಿ ಮೂರು ಸಾವಿರ ಚದರ ಮೀಟರ್ ಕಟ್ಟಬಹುದು. ಇದಕ್ಕೆ ಮರಾಠಿಯವರು ‘ಚಟಈ ಕ್ಷೇತ್ರ ನಿರ್ದೇಶಾಂಕ’ ಎನ್ನುತ್ತಾರೆ. ಚಟಈ ಎಂದರೆ ಚಾಪೆ. ಅಂತಸ್ತಂತಸ್ತಿಗೂ ಹಾಸಿದ ಚಾಪೆಗಳ ಒಟ್ಟು ವಿಸ್ತೀರ್ಣ ಎಂಬ ಕಲ್ಪನೆ ಓದಿದ ಕೂಡಲೇ ಮನಸ್ಸಿಗೆ ನಾಟುತ್ತದೆ. ಸರಕಾರಿ ಕಡತಕ್ಕೂ ಇಷ್ಟು ಮನೆಯ ಮಾತು ಹೊಂದುವುದಾದರೆ ನಮ್ಮದೂ ಹಾಗೆಯೇ ಬರಲಿ ಎಂಬ ಆಸೆ ಹುಟ್ಟಿದ್ದು ಅಲ್ಲಿಂದ.

ಮೊದಲು ಹಳೆಯ ದಾನಪತ್ರಗಳಲ್ಲಿ ಹುಡುಕಿದೆ. ವಿಜಯನಗರದ ಕಾಲದ ಶಾಸನಗಳಲ್ಲಿ ನೆಲ ಕೊಡುವಾಗ ಅಷ್ಟಭೋಗಗಳ ಸಹಿತ ಎಂದು ಬರೆಯುತ್ತಿದ್ದರು. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಮಣ್ಣೊಳಗಿನ ಹೊನ್ನು, ನೀರು, ಕಲ್ಲು, ಈಗಿನ ಉತ್ಪತ್ತಿ, ಮುಂದೆ ಬರಬಹುದಾದ ಉತ್ಪತ್ತಿ ಎಲ್ಲವೂ ಅಲ್ಲಿವೆ. ಮೇಲಿನ ಬಾನಿನ ಹೆಸರಿಲ್ಲ. ಅರ್ಥದಲ್ಲಿ ಹತ್ತಿರ ಬರುವುದು ‘ಸಾಧ್ಯ’, ಇನ್ನೂ ಆಗದ, ಆದರೆ ಮಾಡಿಕೊಳ್ಳಬಹುದಾದ ಲಾಭ. ಟೋಕಿಯೊ ನಿಲ್ದಾಣ ಮಾರಿದ್ದು ಸರಿಯಾಗಿ ಅದನ್ನೇ. ಆದರೆ ಇಂದಿನ ಕನ್ನಡದಲ್ಲಿ ‘ಸಾಧ್ಯ’ ತೀರ ಸಾಮಾನ್ಯ ಮಾತಾಗಿರುವುದರಿಂದ ಆ ಪಾರಿಭಾಷಿಕ ಅರ್ಥವನ್ನು ಮತ್ತೆ ಅದರೊಳಗೆ ತುಂಬುವುದು ಕಷ್ಟ.

ಆಮೇಲೆ ಘಟ್ಟದ ಮೇಲೆ ನೋಡಿದೆ. ನೆಲ ಒಬ್ಬರದು, ಮೇಲಿನದು ಇನ್ನೊಬ್ಬರದು ಎಂಬ ವ್ಯವಸ್ಥೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರಿಗೆ ಹೊಸದೇನೂ ಅಲ್ಲ. ಸೊಪ್ಪಿನ ಬೆಟ್ಟದ ನೆಲ ಸರಕಾರದ್ದು. ಅಡಕೆ ತೋಟಕ್ಕೆಂದು ಅಲ್ಲಿನ ಮರಗಳ ಸೊಪ್ಪು ಕಡಿಯುವುದು, ದರಕು (ಉದುರಿದ ಒಣ ಎಲೆ) ಗುಡಿಸುವುದು ತೋಟದವನಿಗೆ ಸೇರಿದ್ದು. ಕಡತಗಳು ಇದನ್ನು ಹಕ್ಕು ಎನ್ನಲು ಹಿಂಜರಿದು ‘ಸವಲತ್ತು’ ಎನ್ನುತ್ತವೆ, ಊರಿನವರು ಹಕ್ಕು ಎಂದೇ ಹೇಳುತ್ತಾರೆ. ಈ ಭೇದ ನಿಲ್ದಾಣದ ವಿಷಯದಲ್ಲೂ ಉಪಯೋಗಕ್ಕೆ ಬರುತ್ತದೆ. ಇಂತಿಷ್ಟು ವರ್ಷದ ಗುತ್ತಿಗೆಗೆ ಸಿಕ್ಕಿದ್ದು ಸವಲತ್ತಿಗೆ ಹತ್ತಿರ, ಮಾರಿ ದಾಟಿಸಬಹುದಾದದ್ದು ಹಕ್ಕು.

ಕೊನೆಗೆ ನನ್ನ ಮನಸ್ಸು ನಿಂತದ್ದು ‘ನೆಲೆ’ಯ ಮೇಲೆ. ಹಳೆಯ ಕಾವ್ಯಗಳಲ್ಲಿ ಅರಮನೆಗೆ ಏಳು ನೆಲೆಯ ಉಪ್ಪರಿಗೆ ಎಂಬ ವರ್ಣನೆ ಬರುತ್ತದೆ, ಅಲ್ಲಿ ನೆಲೆ ಎಂದರೆ ಅಂತಸ್ತು. ಶಾಸನಗಳಲ್ಲಿ ಅರಸ ಬೀಡುಬಿಟ್ಟ ಜಾಗ ನೆಲೆವೀಡು, ಅಲ್ಲಿ ನೆಲೆ ಎಂದರೆ ತಂಗುವ ತಾಣ. ಇವೆರಡು ಅರ್ಥಗಳು ಒಟ್ಟಿಗೆ ಬರುವುದು ಕನ್ನಡಕ್ಕೆ ಮಾತ್ರ ಸೀಮಿತವಲ್ಲ. ಅರಬ್ಬಿಯ ‘ಮಂಜಿಲ್’ ಎಂದರೆ ಪಯಣಿಗ ಇಳಿದು ತಂಗುವ ಸ್ಥಳ. ಅದರಿಂದ ಮರಾಠಿಯಲ್ಲಿ ಅಂತಸ್ತಿಗೆ ‘ಮಜಲಾ’ ಬಂದಿತು, ಕನ್ನಡದಲ್ಲಿ ಪ್ರಯಾಣದ ಹಂತಕ್ಕೆ ‘ಮಜಲು’ ಬಂದಿತು. ರೈಲು ನಿಲ್ಲುವ ಜಾಗದ ಮೇಲೆ ಅಂತಸ್ತುಗಳು ಏರುವ ಸಂಗತಿಗೆ ಇದಕ್ಕಿಂತ ಹತ್ತಿರದ ಮಾತು ನನಗೆ ತೋಚಿಲ್ಲ.

ಆದ್ದರಿಂದ ‘ಮೇಲ್ನೆಲೆ ಹಕ್ಕು’ ಎಂದು ಬಳಸಬಹುದೇ? ವಾಕ್ಯಗಳಲ್ಲಿ ಇಟ್ಟು ನೋಡಿದ್ದೇನೆ. “ನಿಲ್ದಾಣದ ಮೇಲ್ನೆಲೆ ಹಕ್ಕನ್ನು ರೈಲ್ವೆಯು ಗುತ್ತಿಗೆಗೆ ಕೊಟ್ಟಿತು.” “ಬಳಸದೆ ಉಳಿದ ಮೇಲ್ನೆಲೆಯನ್ನು ಎದುರಿನ ನಿವೇಶನಕ್ಕೆ ವರ್ಗಾಯಿಸಿದರು.” ಎರಡೂ ಸಲೀಸಾಗಿ ಓದಿಸಿಕೊಳ್ಳುತ್ತವೆ. ಒಂದು ನಿವೇಶನದಲ್ಲಿ ಕಟ್ಟದೆ ಉಳಿದ ಹಕ್ಕನ್ನು ಇನ್ನೊಂದಕ್ಕೆ ದಾಟಿಸುವ ಟಿಡಿಆರ್‌ಗೆ ಸರಕಾರ ಬಳಸುವ ‘ಅಭಿವೃದ್ಧಿ ಹಕ್ಕು ವರ್ಗಾವಣೆ’ ಎಂಬ ಮಾತಿನಲ್ಲಿ ಎತ್ತರದ ಸುಳಿವೇ ಇಲ್ಲ. ಇದರಲ್ಲಿ ಇದೆ. ‘ನೆಲೆ ಹಕ್ಕು’ ಎಂದಷ್ಟೇ ಬರೆದರೆ ‘ನೆಲ ಹಕ್ಕು’ ಎಂದು ಅಚ್ಚಾಗುವ ಅಪಾಯವಿರುವುದರಿಂದ ‘ಮೇಲ್’ ಸೇರಿಸಿದ್ದೇನೆ.

ಎದುರುಮಾತು ನನ್ನ ಊರಿನಲ್ಲೇ ಇದೆ. ಕಾರವಾರದಲ್ಲಿ ನೆಲೆ ಎಂದರೆ ಮೊದಲು ನೆನಪಾಗುವುದು ನೌಕಾನೆಲೆ, ಅದರ ಬೆನ್ನಿಗೇ ನೆಲೆ ಕಳೆದುಕೊಂಡವರು. ಒಂದೇ ಪದ ಎತ್ತರದ ವ್ಯಾಪಾರಕ್ಕೂ ಮನೆ ಬಿಟ್ಟವರ ಸಂಕಟಕ್ಕೂ ಬಂದರೆ ಓದುಗರಿಗೆ ನೋವಾದೀತೇ ಎಂದು ಯೋಚಿಸಿದ್ದೇನೆ. ಯಾರದೋ ನೆಲೆ ಹೋದಲ್ಲಿಯೇ ಇನ್ನಾರದೋ ಮೇಲ್ನೆಲೆ ಏಳುವುದು ಈ ಯೋಜನೆಗಳಲ್ಲಿ ನಡೆಯುವ ಸಂಗತಿಯಾದ್ದರಿಂದ, ಪದ ಅದನ್ನು ಮರೆಮಾಚದಿರುವುದೇ ಒಳ್ಳೆಯದೆಂದು ಈಗ ಅನ್ನಿಸುತ್ತಿದೆ. ಸೀಬರ್ಡ್ ಕಾಲನಿಗಳಲ್ಲಿ ಬೆಳೆದವರು ಇದನ್ನು ಓದುತ್ತಿದ್ದರೆ ಅವರ ಅಭಿಪ್ರಾಯಕ್ಕೆ ನಾನು ಹೆಚ್ಚಿನ ಬೆಲೆ ಕೊಡುತ್ತೇನೆ.

ಬಲ್ಲವರಲ್ಲಿ ಇನ್ನೆರಡು ಕೇಳಿಕೆಗಳಿವೆ. ಕುಮಟಾ, ಹೊನ್ನಾವರದ ಹಳೆಯ ಪೇಟೆಬೀದಿಗಳಲ್ಲಿ ಕೆಳಗಿನ ಅಂಗಡಿ ಒಬ್ಬರಿಗೆ, ಮೇಲಿನ ಮಾಳಿಗೆ ಇನ್ನೊಬ್ಬರಿಗೆ ಮಾರಿದ ಪತ್ರಗಳಿದ್ದರೆ ಅವುಗಳಲ್ಲಿ ಮೇಲಿನ ಭಾಗವನ್ನು, ಅದರ ಮೇಲೆ ಮತ್ತೆ ಕಟ್ಟುವ ಅಧಿಕಾರವನ್ನು ಯಾವ ಮಾತಿನಲ್ಲಿ ಬರೆದಿದ್ದಾರೆ? ಮಹಡಿಗೆ ಹೇಳುವ ಹವ್ಯಕರ ಮನೆಗಳ ‘ಮೆತ್ತು’, ಕೊಂಕಣಿಯ ‘ಮಾಳಿ’ ಇಂಥ ದಾಖಲೆಗಳಿಗೆ ಎಂದಾದರೂ ಇಳಿದಿವೆಯೇ? ಬಳಕೆಯಲ್ಲೇ ಇರುವ ಮಾತೊಂದು ಸಿಕ್ಕರೆ ನನ್ನ ‘ಮೇಲ್ನೆಲೆ’ಯನ್ನು ಸಂತೋಷದಿಂದ ಬಿಟ್ಟು ಅದನ್ನೇ ಬರೆಯುತ್ತೇನೆ. ಪತ್ರದ ಆ ಒಂದು ಸಾಲನ್ನು ಇದ್ದಂತೆಯೇ ಬರೆದು ಕಳುಹಿಸಿದರೆ ಸಾಕು, ಹೆಸರು ಮತ್ತು ಸರ್ವೆ ನಂಬರುಗಳು ಬೇಡ.