‘ಚಾರ್ಜಿಗೆ ಹಚ್ಚು’ ಅಂತ ಬರೆಯಬಹುದೇ?

ಎಲ್ಲರಿಗೂ ನಮಸ್ಕಾರ.

ಬಾಗಲಕೋಟೆಯ ನವನಗರದಲ್ಲಿ ನಮ್ಮ ಕಾಕಾನ ಮಗ ಕರೆಂಟಿನ ಸ್ಕೂಟರ್ ಮಾರುವ ಅಂಗಡಿ ಇಟ್ಟಿದ್ದಾನೆ. ಗಾಡಿಯ ಜೊತೆ ಬರುವ ಪುಸ್ತಕ ಇಂಗ್ಲಿಷಿನಲ್ಲಿರುತ್ತದೆ. ಕೊಂಡವರು ಅದನ್ನು ಡಿಕ್ಕಿಯಲ್ಲಿಟ್ಟು ಮರೆತುಬಿಡುತ್ತಾರೆ. ಮುಖ್ಯವಾದ ನಾಲ್ಕು ಮಾತನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಡು ಎಂದು ಕೇಳಿದ. ಬರೆಯಲು ಕುಳಿತವನು ಮೊದಲ ಸಾಲಿನಲ್ಲೇ ತಡೆದು ನಿಂತೆ. ಚಾರ್ಜ್ ಮಾಡುವುದಕ್ಕೆ ಯಾವ ಕ್ರಿಯಾಪದ ಹಾಕಲಿ?

ಪಠ್ಯಪುಸ್ತಕದ ‘ವಿದ್ಯುದಾವೇಶ’ವನ್ನು ಮೊದಲು ಬರೆದು ಹೊಡೆದುಹಾಕಿದೆ. ನಮ್ಮ ಕಡೆ ಆವೇಶ ಎಂದರೆ ಸಿಟ್ಟಿನಲ್ಲಿ ಬರುವಂಥದ್ದು, ಇಲ್ಲವೇ ಮೈಮೇಲೆ ದೇವರು ಬಂದಾಗಿನದು. ವಿಷಯಕ್ಕೂ ಅದು ಹೊಂದುವುದಿಲ್ಲ. ಬ್ಯಾಟರಿಯೊಳಗೆ ಆವೇಶವೇನೂ ಹೊಸದಾಗಿ ತುಂಬಿಕೊಳ್ಳುವುದಿಲ್ಲ. ಲಿಥಿಯಂ ಅಯಾನುಗಳು ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗಿ ಕೂರುತ್ತವೆ, ಗಾಡಿ ಓಡಿಸುವಾಗ ಮರಳಿ ಬರುತ್ತವೆ, ಅಷ್ಟೇ. ‘ಮರುಪೂರಣ’ ಎಂದರೆ ಜನಕ್ಕೆ ಬೋರಿನ ನೀರು ನೆನಪಾಗುತ್ತದೆ. ‘ಚಾರ್ಜ್ ಮಾಡಿ’ ಎಂದರೆ ತಪ್ಪಿಲ್ಲ, ಎಲ್ಲರಿಗೂ ತಿಳಿಯುತ್ತದೆ. ಆದರೆ ನಮ್ಮ ಮನೆಯಲ್ಲಿ, ಓಣಿಯಲ್ಲಿ ಯಾರೂ ಹಾಗೆ ಅನ್ನುವುದಿಲ್ಲ. ‘ಗಾಡಿ ಚಾರ್ಜಿಗೆ ಹಚ್ಚೇನಿ’ ಅನ್ನುತ್ತಾರೆ. ದಕ್ಷಿಣದ ಗೆಳೆಯರ ಬಾಯಲ್ಲಿ ಇದು ‘ಚಾರ್ಜಿಗೆ ಹಾಕಿದೀನಿ’, ‘ಚಾರ್ಜಿಗೆ ಇಟ್ಟಿದೀನಿ’ ಎಂದಿರುತ್ತದೆ.

ಈ ಹಚ್ಚುವುದರ ಹರವು ನಮ್ಮಲ್ಲಿ ಬಹಳ ದೊಡ್ಡದು. ದೀಪ, ಎಣ್ಣೆ, ಕುಂಕುಮ ಎಲ್ಲ ಕಡೆಯೂ ಹಚ್ಚುವವೇ. ಇಲ್ಲಿ ಗಿಡವನ್ನೂ ಹಚ್ಚುತ್ತೇವೆ (ಅಂದರೆ ನೆಡುತ್ತೇವೆ), ಫ್ಯಾನನ್ನೂ ಹಚ್ಚುತ್ತೇವೆ, ಫೋನನ್ನೂ ಹಚ್ಚುತ್ತೇವೆ. ಮಗನನ್ನು ಸಾಲಿಗೆ (ಶಾಲೆಗೆ) ಹಚ್ಚುತ್ತೇವೆ, ಆಳನ್ನು ಕೆಲಸಕ್ಕೆ ಹಚ್ಚುತ್ತೇವೆ. ಗಾಡಿ ನಿಲ್ಲಿಸುವುದೂ ಹಚ್ಚುವುದೇ: ‘ಗಾಡಿ ಎಲ್ಲಿ ಹಚ್ಚೀದಿ?’ ಸ್ಕೂಟರಿಗೆ ಕ್ಯಾರಿಯರ್, ಗಾರ್ಡ್, ಮೊಬೈಲ್ ಸ್ಟ್ಯಾಂಡ್ ಜೋಡಿಸಿದರೆ ‘ಹಚ್ಚಿಸೇನಿ’. ಸೀಟಿನ ಕವರ್ ಮಾತ್ರ ‘ಹಾಕಿಸೇನಿ’. ಅಂಗಡಿಯಲ್ಲಿ ಎರಡು ದಿನ ಕುಳಿತು ಕಿವಿಗೊಟ್ಟಾಗ ಇದು ಗಮನಕ್ಕೆ ಬಂತು. ಬೋಲ್ಟು ಬಿಗಿದು ಕೂಡಿಸುವಂಥದ್ದು ಹಚ್ಚುವುದು, ಮೇಲಿನಿಂದ ಹೊದಿಸುವಂಥದ್ದು ಹಾಕುವುದು. ಮಳೆಗೆ ಮುಚ್ಚುವ ತಾಡಪತ್ರಿಯೂ ಹಾಕುವುದೇ.

ಮಾತಿನಲ್ಲಿ ಯಾವ ತೊಡಕೂ ಇಲ್ಲ. ಬರಹಕ್ಕೆ ಇಳಿಸಿದಾಗ ನನ್ನ ಹಾಳೆಯ ಮೊದಲ ಸಾಲು ಹೀಗಾಯಿತು: ‘ಗಾಡಿಯನ್ನು ನೆರಳಿಗೆ ಹಚ್ಚಿ, ಪಿನ್ನನ್ನು ಬೋರ್ಡಿಗೆ ಹಚ್ಚಿ, ಬಟನ್ ಹಚ್ಚಿ.’ ಮೂರು ಹಚ್ಚು, ಮೂರು ಬೇರೆ ಕೆಲಸ. ನಾನು ಓದಿದರೆ ಮೂರೂ ತಿಳಿಯುತ್ತವೆ. ಮಂಡ್ಯದವರು ಓದಿದರೆ? ಬ್ಯಾಟರಿ ಬಿಚ್ಚಿ ಒಳಗೆ ಒಯ್ಯಬಹುದಾದ ಗಾಡಿಗಳಿಗೆ ‘ಬ್ಯಾಟರಿ ಹಚ್ಚಿ’ ಎಂದು ಬರೆದರಂತೂ ನಮ್ಮವರಿಗೇ ತಪ್ಪು ಅರ್ಥ. ನಮ್ಮಲ್ಲಿ ‘ಬ್ಯಾಟ್ರಿ ಹಚ್ಚು’ ಎಂದರೆ ಟಾರ್ಚ್ ಬೆಳಗಿಸು ಎಂದು. ಉಳಿದವರಿಗೆ ಬೆಂಕಿ ಇಟ್ಟ ಹಾಗೆ ಕೇಳಿಸಬಹುದು. 2022ರಲ್ಲಿ ಇಂಥ ಸ್ಕೂಟರುಗಳು ಹೊತ್ತಿ ಉರಿದ ಸುದ್ದಿ ದೇಶದ ತುಂಬ ಓಡಾಡಿದ್ದನ್ನು ಯಾರೂ ಮರೆತಿಲ್ಲ. ಹಾಗಾಗಿ ‘-ಗೆ’ ಬಿಡಬಾರದು ಎಂಬುದು ನನ್ನ ಎಣಿಕೆ. ‘ಬ್ಯಾಟರಿಯನ್ನು ಚಾರ್ಜಿಗೆ ಹಚ್ಚಿ’ ಎಂದರೆ ‘ಹುಡುಗನನ್ನು ಸಾಲಿಗೆ ಹಚ್ಚಿ’ ಎಂಬ ಅಚ್ಚಿನಲ್ಲಿ ಸರಿಯಾಗಿ ಕೂರುತ್ತದೆ.

ಈ ಪದವನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಅದಕ್ಕೆ ಕಾರಣ ನಮ್ಮ ಚಿಗವ್ವನ (ಚಿಕ್ಕಮ್ಮನ) ಒಂದು ಮಾತು. ಆಕೆ ದಿನಾ ವಿದ್ಯಾಗಿರಿಗೆ ಸ್ಕೂಟರಿನ ಮೇಲೆ ಕೆಲಸಕ್ಕೆ ಹೋಗುತ್ತಾಳೆ. ಒಂದು ರಾತ್ರಿ ಕೇಳಿದೆ: ‘ಚಿಗವ್ವಾ, ಗಾಡಿ ಹಚ್ಚೀಯೇನು?’ ‘ಹೂಂ, ಹಚ್ಚೇನಿ.’ ಬೆಳಿಗ್ಗೆ ನೋಡಿದರೆ ರಾತ್ರಿ ಇದ್ದ 11 ಪರ್ಸೆಂಟೇ ಇದೆ, ಒಂದು ಅಂಕಿಯೂ ಏರಿಲ್ಲ. ಗೋಡೆಯ ಬೋರ್ಡು ಹಳೆಯದು, ತೂತು ಸಡಿಲಾಗಿ ಪಿನ್ನು ಜೋಲುತ್ತಿತ್ತು. ಆಕೆ ಅಂದದ್ದು ಇಷ್ಟೇ: ‘ನಾ ಹಚ್ಚೇನಿ ತಮ್ಮಾ, ಅದು ಹತ್ತಿಲ್ಲ.’

ಹಚ್ಚುವುದು ನಾವು ಮಾಡುವ ಕೆಲಸ, ಹತ್ತುವುದು ಅದರ ಪಾಲಿನ ಕೆಲಸ. ಬೆಂಕಿ ಹಚ್ಚುತ್ತೇವೆ, ಹಸಿ ಕಟ್ಟಿಗೆಯಾದರೆ ಹತ್ತುವುದಿಲ್ಲ. ಫೋನ್ ಹಚ್ಚುತ್ತೇವೆ, ‘ಹತ್ತವಲ್ದು’ (ಹತ್ತುತ್ತಿಲ್ಲ) ಎಂದು ಇಡುತ್ತೇವೆ. ಗಿಡ ಹಚ್ಚುತ್ತೇವೆ, ಬೇರು ಹತ್ತಬೇಕು. ಸ್ಕೂಟರ್ ಹಾಳೆಗೆ ಬೇಕಾದ ಎಚ್ಚರಿಕೆಯೆಲ್ಲ ಈ ಎರಡು ಮಾತಿನ ನಡುವಿನ ಸಂದಿನಲ್ಲಿದೆ. ‘ಚಾರ್ಜ್ ಮಾಡಿದೆ’ ಎಂದರೆ ಮಾಡಿದ್ದೂ ಆದದ್ದೂ ಒಂದೇ ಮಾತಿನಲ್ಲಿ ಸೇರಿಹೋಗುತ್ತದೆ. ಚಿಗವ್ವನ ಮಾತು ಎರಡನ್ನೂ ಬೇರೆ ಬೇರೆ ಇಟ್ಟಿತು. ಸಡಿಲು ಪಿನ್ನು ಹತ್ತದೇ ಇದ್ದರೆ ಬರೀ ಬೆಳಗಿನ ತಾಪತ್ರಯ, ಅರೆಬರೆ ಹತ್ತಿದರೆ ಅಪಾಯ. ಸರಿಯಾಗಿ ತಾಗದ ಜಾಗದಲ್ಲಿ ತಡೆ ಹೆಚ್ಚಾಗಿ ಪಿನ್ನು ಕಾಯುತ್ತದೆ, ಪ್ಲಾಸ್ಟಿಕ್ ಕರಗುತ್ತದೆ. ಸಣ್ಣ ಪಿನ್ನಿನ 6 ಆಂಪಿಯರ್ ಸಾಕೆಟ್ಟು 230 ವೋಲ್ಟಿಗೆ 1380 ವಾಟ್ ತನಕ ತಾಳುತ್ತದೆ, ದೊಡ್ಡ ಪಿನ್ನಿನ 16 ಆಂಪಿಯರಿನದು 3680 ವಾಟ್. 3 ಕಿಲೋವಾಟ್-ಅವರ್ ಬ್ಯಾಟರಿ ತುಂಬಲು ಮೂರು ಯೂನಿಟ್ಟು, ಮೇಲೆ ಸ್ವಲ್ಪ ಸೋರಿಕೆ. ತಾಸುಗಟ್ಟಲೆ ಎಳೆಯುವ ಕೆಲಸವಾದ್ದರಿಂದ ಬೋರ್ಡು ಗಟ್ಟಿಯಿರಬೇಕು, ಅರ್ಥಿಂಗ್ ಇರಬೇಕು, ತೆಳು ವೈರಿನ ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ. ಇದನ್ನೆಲ್ಲ ಹಾಳೆಯಲ್ಲಿ ಬೇರೆಯಾಗಿ ಬರೆದಿದ್ದೇನೆ.

ಇನ್ನೊಂದು ಸಂಗತಿ. ‘ಚಾರ್ಜ್ ಆಗಾಕತ್ತೇತಿ’ ಅನ್ನುತ್ತೇವಲ್ಲ, ಬಿಡಿಸಿದರೆ ಅದು ‘ಆಗಾಕ ಹತ್ತೇತಿ’. ನಡೆಯುತ್ತಿರುವ ಕೆಲಸವನ್ನು ಹೇಳಲಿಕ್ಕೂ ನಮಗೆ ಹತ್ತುವುದೇ ಬೇಕು. ಚಾರ್ಜ್ ಹತ್ತಿದರೆ ಆಗಲು ಹತ್ತುತ್ತದೆ!

ಬೆಳಗಾವಿಯ ಗೆಳೆಯರೊಬ್ಬರು ಇದೆಲ್ಲ ಮರಾಠಿಯದು ಅಂದರು. ಅಲ್ಲಿ ‘ಚಾರ್ಜಿಂಗ್‌ಲಾ ಲಾವ್’, ‘ಫೋನ್ ಲಾವ್’, ‘ಗಾಡಿ ಲಾವ್’, ‘ಝಾಡ್ ಲಾವ್’ (ಗಿಡ ಹಚ್ಚು). ಹತ್ತುವ ಜಾಗದಲ್ಲಿ ‘ಲಾಗಣೆ’: ‘ಫೋನ್ ಲಾಗತ್ ನಾಹೀ’, ‘ಝೋಪ್ ಲಾಗಲೀ’ (ನಿದ್ದೆ ಹತ್ತಿತು), ‘ಕರಾಯ್‌ಲಾ ಲಾಗಲಾ’ (ಮಾಡಲು ಹತ್ತಿದ). ನಿದ್ದೆ ಹತ್ತುವುದರ ತನಕ ಎಲ್ಲವೂ ಸಾಲಿಗೆ ಸಾಲು ಹೊಂದುತ್ತವೆ. ಆದರೂ ಅವರ ತೀರ್ಮಾನಕ್ಕೆ ನಾನು ಒಪ್ಪಲಾರೆ. ಪಾಲು ಹಾಲಾದಂತೆ ಹಳಗನ್ನಡದ ‘ಪತ್ತು’ ನಮ್ಮ ‘ಹತ್ತು’ ಆಯಿತು, ಅಂಟು ಎಂಬ ಅರ್ಥ ಆಗಲೇ ಅದಕ್ಕಿತ್ತು. 12ನೆಯ ಶತಮಾನದಲ್ಲಿ, ಇದೇ ನಮ್ಮ ಸೀಮೆಯ ಬಸವಣ್ಣನವರ ವಚನದಲ್ಲಿ ಒಲೆ ‘ಹತ್ತಿ’ ಉರಿಯುತ್ತದೆ. ಹಚ್ಚು-ಹತ್ತು ಜೋಡಿ ನಮ್ಮದೇ. ಎರಡೂ ಭಾಷೆ ಆಡುವವರ ಬಾಯಲ್ಲಿ ಫೋನು, ಗಾಡಿ, ಚಾರ್ಜರಿನಂಥ ಹೊಸ ವಸ್ತುಗಳಿಗೆ ಈ ಬಳಕೆ ಅಕ್ಕಪಕ್ಕ ಬೆಳೆದಿರಬೇಕು.

ಹಾಳೆಯ ಈಗಿನ ರೂಪ ಹೀಗಿದೆ: ‘ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಿ. ಓಡಿಸಿ ಬಂದ ತಕ್ಷಣ ಬೇಡ, ಬ್ಯಾಟರಿ ತಣ್ಣಗಾಗಲಿ. ಚಾರ್ಜಿಗೆ ಹಚ್ಚಿದ ಮೇಲೆ ಹತ್ತಿದೆಯೇ ಎಂದು ದೀಪ ನೋಡಿ. ಕಡೆಯ ಇಪ್ಪತ್ತು ಪರ್ಸೆಂಟ್ ನಿಧಾನ ಏರುತ್ತದೆ, ಅದು ದೋಷವಲ್ಲ. ಬಟನ್ ಬಂದ್ ಮಾಡಿ, ಆಮೇಲೆ ಪಿನ್ ತೆಗೆಯಿರಿ.’ ‘ತಣ್ಣಗಾಗಲಿ’ ಎಂಬಲ್ಲಿ ಮೊದಲು ‘ಆರಲಿ’ ಎಂದಿತ್ತು. ದೀಪವೂ ಆರುತ್ತದೆ, ಅಂಬಲಿಯೂ ಆರುತ್ತದೆ, ಹಾಗಾಗಿ ತೆಗೆದೆ.

ಬಲ್ಲವರಲ್ಲಿ ಎರಡು ಪ್ರಶ್ನೆ. ಕಲಬುರಗಿ, ಬಳ್ಳಾರಿ, ಶಿವಮೊಗ್ಗ, ಮೈಸೂರು, ಕುಂದಾಪುರದ ಕಡೆ ಚಾರ್ಜಿಗೆ ಯಾವ ಕ್ರಿಯಾಪದ ನಡೆಯುತ್ತದೆ, ಅದು ಹತ್ತದೇ ಇದ್ದಾಗ ಏನನ್ನುತ್ತೀರಿ? ಹಚ್ಚುವುದರ ಎದುರು ಮಾತು ಯಾವುದು ಎಂಬುದು ಎರಡನೆಯದು. ದೀಪವನ್ನು ಶಾಂತ ಮಾಡುತ್ತೇವೆ, ಫ್ಯಾನ್ ಬಂದ್ ಮಾಡುತ್ತೇವೆ, ಫೋನ್ ಇಡುತ್ತೇವೆ. ಚಾರ್ಜರಿಗೆ ‘ತಗಿ’ ಬಿಟ್ಟರೆ ನನಗೆ ಬೇರೆ ಸಿಕ್ಕಿಲ್ಲ. ‘ಹಚ್ಚಿದ ಮೇಲೆ ಹತ್ತಿದೆಯೇ’ ಎಂಬ ಸಾಲನ್ನು ನಿಮ್ಮ ಮನೆಯ ಹಿರಿಯರಿಗೆ ಓದಿ ಹೇಳಿ, ಅವರು ಏನು ತಿಳಿದುಕೊಂಡರು ಎಂದು ಬರೆದರೆ ದೊಡ್ಡ ಉಪಕಾರ. ಹಾಳೆ ಇನ್ನೂ ಅಚ್ಚಿಗೆ ಹೋಗಿಲ್ಲ.